ಪರೀಕ್ಷೆ ಮಾಡಿದ್ದು ಯಾರ ಮೇಲೆ?

ಮಾನ್ಯ ಸಂಪಾದಕರೇ,

ಸಸ್ಯಗಳ ಆಂಟಿಆಕ್ಸಿಡೆಂಟ್‌ಗಳು ಮಧುಮೇಹಕ್ಕೆ ರಾಮಬಾಣ ಎಂಬ ನಿಮ್ಮ ಆರೋಗ್ಯ ಪುಟದ ಬರಹ ಓದಿದೆ. ನಾನು ಕಾಲೇಜಿನ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸಕ್ಕರೆ ಕಾಯಿಲೆಯೂ ಇದೆ. ಬರಹ ಓದಿದ ನಮ್ಮ ಭಾವ ಫೋನ್ ಮಾಡಿ, ‘ಮಾತ್ರೆ ಬಿಟ್ಟು ಇದನ್ನೇ ತಗೊಳ್ಳಲಾ?’ ಅಂತ ಕೇಳಿದರು. ಅದಕ್ಕೇ ಈ ಪತ್ರ.

ಬರಹದ ಅರ್ಧ ಭಾಗ ಸರಿಯಾಗಿದೆ. ಸಕ್ಕರೆ ಜಾಸ್ತಿಯಾದಾಗ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಸೂಪರ್‌ಆಕ್ಸೈಡ್ ಎಂಬ, ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಕಣ ವಿಪರೀತ ಹುಟ್ಟುತ್ತದೆ. ಇಂಥ ಕಣಗಳ ಹೊರೆಗೇ ಆಕ್ಸಿಡೇಟಿವ್ ಒತ್ತಡ ಎನ್ನುವುದು; ಅವನ್ನು ತಣಿಸುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ಕಣ್ಣು, ಕಿಡ್ನಿ, ನರ ಹಾಳಾಗುವುದಕ್ಕೆ ಈ ಸೂಪರ್‌ಆಕ್ಸೈಡೇ ಮೂಲ ಎಂದು ಮಧುಮೇಹ ಸಂಶೋಧಕ ಮೈಕಲ್ ಬ್ರೌನ್‌ಲೀ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದ್ದರು. ಇನ್ಸುಲಿನ್ ಮಾಡುವ ಬೀಟಾ ಕೋಶಗಳಲ್ಲಿ ಕ್ಯಾಟಲೇಸ್‌ನಂಥ ಕಾಯುವ ಕಿಣ್ವಗಳು ಬಹಳ ಕಡಿಮೆ. ಅವಕ್ಕೆ ಪೆಟ್ಟು ಬೇಗ ಬೀಳುತ್ತದೆ.

ತೊಂದರೆ ಇರುವುದು ಇನ್ನರ್ಧದಲ್ಲಿ, ಅಂದರೆ ರಾಮಬಾಣ ಎಂಬ ಮಾತಿನಲ್ಲಿ. ಸಸ್ಯದ ಸಾರ ಆಂಟಿಆಕ್ಸಿಡೆಂಟ್ ಆಗಿ ಎಷ್ಟು ಚುರುಕು ಅಂತ ನೋಡಲು ನಾವು ಡಿಪಿಪಿಎಚ್ ಎಂಬ ಕೃತಕ ರಾಸಾಯನಿಕದ ಪರೀಕ್ಷೆ ಮಾಡುತ್ತಿದ್ದೆವು. ಮೆಥನಾಲ್‌ನಲ್ಲಿ ಕರಗಿಸಿದ ಕಡು ನೇರಳೆ ದ್ರಾವಣ. ಅದಕ್ಕೆ ಸಾರ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿ ಇಟ್ಟರೆ ನೇರಳೆ ಹೋಗಿ ಹಳದಿ ಬರುತ್ತದೆ. 517 ನ್ಯಾನೊಮೀಟರ್‌ನಲ್ಲಿ ಎಷ್ಟು ಬೆಳಕು ಹೀರುತ್ತದೆ ಅಂತ ಬರೆದುಕೊಂಡರೆ ಕೆಲಸ ಮುಗಿಯಿತು. ನೋಡೋಕೆ ಚೆಂದ, ವಿದ್ಯಾರ್ಥಿಗಳಿಗೂ ಖುಷಿ. ಆದರೆ ಡಿಪಿಪಿಎಚ್ ನಮ್ಮ ಮೈಯಲ್ಲಿ ಇರುವುದೇ ಇಲ್ಲ! ಕ್ವೆರ್ಸೆಟಿನ್‌ನಂಥ ಸಸ್ಯದ ಆಂಟಿಆಕ್ಸಿಡೆಂಟ್ ನುಂಗಿದರೂ ಕರುಳು, ಲಿವರ್ ಸೇರಿ ಅದರ ರೂಪವನ್ನೇ ಬದಲಿಸಿಬಿಡುತ್ತವೆ. ಟ್ಯೂಬಿನಲ್ಲಿದ್ದ ವಸ್ತು ರಕ್ತಕ್ಕೆ ಹಾಗೇ ಬರುವುದು ತೀರಾ ಕಡಿಮೆ.

ಇಲಿಗಳ ವಿಷಯ ಇನ್ನೂ ಸ್ವಾರಸ್ಯದ್ದು. ಅಲೋಕ್ಸಾನ್ ಎಂಬ ರಾಸಾಯನಿಕ ಚುಚ್ಚಿ ಅವಕ್ಕೆ ಮಧುಮೇಹ ಬರಿಸುತ್ತಾರೆ. ಅಲೋಕ್ಸಾನ್ ಬೀಟಾ ಕೋಶಗಳನ್ನು ಕೊಲ್ಲುವುದೇ ಆಕ್ಸಿಡೇಟಿವ್ ಒತ್ತಡದಿಂದ. ಚುಚ್ಚುವ ಮುಂಚೆಯೇ ಆಂಟಿಆಕ್ಸಿಡೆಂಟ್ ಕೊಟ್ಟರೆ ಗುಣ ಕಾಣುವುದರಲ್ಲಿ ಆಶ್ಚರ್ಯ ಏನಿದೆ? ವರ್ಷಗಟ್ಟಲೆ ಹೊಂಚು ಹಾಕಿ ಬರುವ ಟೈಪ್ 2 ಕಾಯಿಲೆ ಹಾಗಲ್ಲ, ಅಲ್ವಾ?

ಆಂಟಿಆಕ್ಸಿಡೆಂಟ್‌ಗಳೇ ಆದ ವಿಟಮಿನ್ ಸಿ, ಇ ಕೊಟ್ಟು ಮನುಷ್ಯರ ಮೇಲೂ ಪರೀಕ್ಷೆಗಳಾಗಿವೆ. 2000ದಲ್ಲಿ ಪ್ರಕಟವಾದ ‘ಹೋಪ್’ ಅಧ್ಯಯನದಲ್ಲಿ ಮಧುಮೇಹಿಗಳೂ ಬಹಳ ಮಂದಿ ಇದ್ದರು. ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರೂ ಹೃದಯಾಘಾತ ಕಡಿಮೆಯಾಗಲಿಲ್ಲ. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗುತ್ತದಲ್ಲ, ವಿಟಮಿನ್ ಸಿ ಮತ್ತು ಇ ಮಾತ್ರೆ ನುಂಗಿದವರಲ್ಲಿ ಆ ಲಾಭವೇ ಕಾಣಲಿಲ್ಲ ಎಂದು 2009ರ ಇನ್ನೊಂದು ಅಧ್ಯಯನ ಹೇಳಿತು. ಆಕ್ಸಿಡೇಟಿವ್ ಒತ್ತಡ ಸ್ವಲ್ಪ ಇದ್ದರೇ ಸ್ನಾಯುಗಳು ಎಚ್ಚರಗೊಳ್ಳುತ್ತವೆ ಎಂಬುದು ಆ ಸಂಶೋಧಕರ ವಿವರಣೆ.

ಹಾಗಂತ ಗಿಡಮೂಲಿಕೆ ಎಂದರೆ ನನಗೆ ಅಲರ್ಜಿ ಏನಿಲ್ಲ. ನಾನು ನುಂಗುವ ಮೆಟ್‌ಫಾರ್ಮಿನ್‌ನ ಮೂಲವೂ ಗಲೇಗಾ ಎಂಬ ಗಿಡದ ಸಂಶೋಧನೆಯಲ್ಲೇ ಇದೆ. ಆದರೆ ಆ ಗಿಡದ ಗಲೇಗಿನ್ ವಿಷಕಾರಿ. ಅದಕ್ಕೆ ಹತ್ತಿರದ ಬೇರೆ ವಸ್ತು ತಯಾರಿಸಿ, ರೋಗಿಗಳಲ್ಲಿ ಪರೀಕ್ಷಿಸಿ, ಡೋಸ್ ಗೊತ್ತುಮಾಡಿಕೊಂಡ ಮೇಲೆ ಅದು ಮಾತ್ರೆಯಾಯಿತು.

ಇಂಥ ಸುದ್ದಿ ಹಾಕುವಾಗ ದಯವಿಟ್ಟು ಒಂದು ಸಾಲು ಸೇರಿಸಿ: ಟ್ಯೂಬೋ, ಇಲಿಯೋ, ಮನುಷ್ಯರೋ; ಮನುಷ್ಯರಾದರೆ ಎಷ್ಟು ಜನ, ಎಷ್ಟು ತಿಂಗಳು, ಎಷ್ಟು ಡೋಸ್. ಮಾತ್ರೆಯ ಜೊತೆ ಇಂಥ ಸಾರವೂ ಸೇರಿದರೆ ಕೆಲವರಿಗೆ ಸಕ್ಕರೆ ತೀರಾ ಇಳಿಯಬಹುದು, ವೈದ್ಯರನ್ನು ಕೇಳದೆ ಶುರು ಮಾಡಬೇಡಿ ಅಂತಲೂ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ