ಮೆಟ್ಟಿಲು ಅಳೆಯುವ ಅಪ್ಪ

ಕಲಬುರಗಿ

ಪ್ರೀತಿಯ ದೋಸ್ತ,

ಸೂಪರ್ ಮಾರ್ಕೆಟ್ ಬಜಾರಿನಲ್ಲಿ ನಡೆದದ್ದು ನಿನ್ನ ಕಿವಿಗೂ ಬಿದ್ದಿರಬೇಕು. ನಿನ್ನ ತಮ್ಮ ನಮ್ಮ ಅಪ್ಪನ ಕೈ ಹಿಡಿದು ತನ್ನ ಬಟ್ಟೆ ಅಂಗಡಿಯಿಂದ ಹೊರಗೆ ತಂದು ನಿಲ್ಲಿಸಿದ. ತಪ್ಪು ಅವನದಲ್ಲ. ಈ ಬಿಸಿಲಲ್ಲಿ ದಿನಾ ಬಂದು, ಟೇಪು ಹಿಡಿದು ಮೆಟ್ಟಿಲಿನ ಅಗಲ ಅಳೆದು, ಗಿರಾಕಿಗಳಿಗೆ 'ಮ್ಯಾಲ ಹೋಗಬ್ಯಾಡ್ರಿ' ಅನ್ನುವವರನ್ನು ಯಾರು ಎಷ್ಟು ದಿನ ತಡೆದುಕೊಳ್ಳುತ್ತಾರೆ?

ಅಪ್ಪ ರಿಟೈರ್ ಆಗಿ ಎರಡು ವರ್ಷ ಆಯ್ತು. ಫೈರ್ ಸ್ಟೇಷನ್ ಆಫೀಸರ್ ಹುದ್ದೆ ಹೋಯಿತು, ಡ್ಯೂಟಿ ಹೋಗಲಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಸಿಲಿಂಡರ್ ರೆಗ್ಯುಲೇಟರ್ ಬಂದ್. ಆಮೇಲೆ ಮಗನಿಗೆ ಹಾಲು ಕಾಯಿಸಬೇಕೆಂದರೂ ಅವರನ್ನೇ ಎಬ್ಬಿಸಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ ಅಂತ ಅಡುಗೆಮನೆ ಬಾಗಿಲನ್ನು ಕೆಳಗೆ ನಾಲ್ಕು ಬೆರಳು ಕೊಯ್ಸಿಬಿಟ್ಟಿದ್ದಾರೆ. ಈಗ ಅಲ್ಲಿಂದ ಇಲಿ ಬರುತ್ತವೆ. ತಂಗಿ ಮದುವೆಯಲ್ಲಿ ಅಕ್ಷತೆ ಹೊತ್ತಿಗೆ ಅಪ್ಪ ಎಲ್ಲಿ ಅಂತ ಹುಡುಕಿದರೆ, ಅಡುಗೆ ಪೆಂಡಾಲಿನಲ್ಲಿ ಸಿಲಿಂಡರ್ ಕಾಯುತ್ತಾ ನಿಂತಿದ್ದರು. ಅವಳು ಇವತ್ತಿಗೂ ಮದುವೆ ಆಲ್ಬಂ ತೆಗೆಯೋದಿಲ್ಲ.

ಇದೆಲ್ಲ ಶುರುವಾದದ್ದು ಒಂದು ಬಣವಿಯಿಂದ. ನಾವಾಗ ಪಿಯುಸಿ. ಕಣಿಕಿ ಬಣವಿಗೆ, ಅಂದರೆ ಒಣ ಜೋಳದ ದಂಟಿನ ರಾಶಿಗೆ, ಬೆಂಕಿ ಹತ್ತಿದರೆ ಮೇಲೆ ಎಷ್ಟು ನೀರು ಹೊಡೆದರೂ ಸಾಲದು. ಬಿಚ್ಚಿ ಹರವಿ, ಒಳಗಿನ ಕೆಂಡಕ್ಕೆ ನೀರು ಬೀಳಬೇಕು. ಅವತ್ತು ಇನ್ನೊಂದು ಊರಿಂದ ಕರೆ ಬಂತು. ಗಾಡಿ ಒಂದೇ. ಅಪ್ಪ ಅರ್ಧ ಹರವಿಸಿ ಹೊರಟರು. ರಾತ್ರಿ ಗಾಳಿ ಬಿಟ್ಟು ಬಣವಿ ಮತ್ತೆ ಹೊತ್ತಿತು, ಕಿಡಿ ಕೊಟ್ಟಿಗೆಗೆ ಹಾರಿತು. ಎರಡು ಎತ್ತು ಸತ್ತವು. ಮರುದಿನ ಹೋದಾಗ ರೈತ ಬೈಯಲಿಲ್ಲ, ಚಹಾ ಕುಡಿಸಿ ಕಳಿಸಿದನಂತೆ. ಬೈದಿದ್ದರೆ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಏಪ್ರಿಲ್ 14 ಬಂತೆಂದರೆ ಬೀದಿಯಲ್ಲಿ ಅಂಬೇಡ್ಕರ್ ಜಯಂತಿಯ ಮೆರವಣಿಗೆ, ಮನೆಯಲ್ಲಿ ಅಪ್ಪನ ಹಡಗಿನ ಕಥೆ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಅನ್ನೋ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಮಂದಿ ಸತ್ತರು. ಅಗ್ನಿಶಾಮಕ ಸೇವಾ ದಿನ ಅಂತ ಮಾಡೋದು ಅವರ ನೆನಪಿಗೇ. ಆ ಹಡಗಿನಲ್ಲಿ ಮದ್ದುಗುಂಡಿನ ಜೊತೆ ಹತ್ತಿ ಮೂಟೆಗಳೂ ಇದ್ದವು. 'ಹತ್ತಿನೂ ಬಣವಿ ಇದ್ದಂಗ ತಮ್ಮಾ. ಒಳಗ ಉರಿಲಕತ್ತಿರ್ತದ, ಹೊರಗ ಗೊತ್ತಾಗಂಗಿಲ್ಲ' ಅಂತಾರೆ. ನನ್ನ ಮಗನಿಗೂ ಬಾಯಿಪಾಠ ಆಗಿದೆ.

ಮತ್ತೊಂದು ಮಾತು. ನಿನ್ನೆ ನಿನ್ನ ತಮ್ಮನಲ್ಲಿ ಕ್ಷಮೆ ಕೇಳಲು ಅಂಗಡಿಗೆ ಹೋಗಿದ್ದೆ. ಅವನು ಗಿರಾಕಿಗಳ ಜೊತೆ ಇದ್ದ, ನಾನು ಸುಮ್ನೆ ಮೇಲೆ ಹತ್ತಿದೆ. ಮೆಟ್ಟಿಲ ಎರಡೂ ಬದಿ ಬಟ್ಟೆ ಗಂಟು, ಓರೆಯಾಗಿ ಹತ್ತಬೇಕಾಯಿತು. ಮೇಲೆ ಏಳು ಹುಡುಗಿಯರು ಹೊಲಿಯುತ್ತಿದ್ದರು. ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ ಕಾಯುತ್ತಿತ್ತು. ಕಿಟಕಿಗೆ ಸರಳು, ಇಳಿಯಲು ಬೇರೆ ದಾರಿ ಇಲ್ಲ.

ಅಪ್ಪನನ್ನು ಇನ್ನು ಅಲ್ಲಿಗೆ ಬಿಡೋದಿಲ್ಲ, ಇದು ನನ್ನ ಮಾತು. ಆ ಗಂಟುಗಳನ್ನು ತೆಗೆಸೋ ಮಾತು ಮಾತ್ರ ನೀನೇ ಆಡು. ನಾನು ಹೇಳಿದರೆ 'ಇವನೂ ಅಪ್ಪನಂಗೇ' ಅಂತಾನೆ, ಅಲ್ವಾ?

ನಿನ್ನ ಗೆಳೆಯ