ಮಗಳಿಗೊಂದು ಪತ್ರ: ಮೂವರು ಮೂವರಾಗಿಯೇ ಇರಲಿ

ಉಡುಪಿ

ಪ್ರೀತಿಯ ಮಗಳೇ,

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದ ಮೇಲೆ ಅಪ್ಪನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೆ. ನಿನ್ನ ಪತ್ರಿಕೆಗೆಂದು ಬರೆದು ನೀನು ಕಳುಹಿಸಿದ ವರದಿಯ ಕರಡನ್ನು ಇಬ್ಬರೂ ಓದಿದೆವು. ಬೀಡಿ ಕಟ್ಟುವ ಮೂವರು ಹೆಂಗಸರನ್ನು ಸೇರಿಸಿ ಒಬ್ಬಳನ್ನಾಗಿ ಮಾಡು, ಓದುಗರಿಗೆ ಒಂದೇ ಮುಖ ಇದ್ದರೆ ಮನಸ್ಸಿಗೆ ನಾಟುತ್ತದೆ ಎಂದು ನಿಮ್ಮ ಕಚೇರಿಯ ಹಿರಿಯರೊಬ್ಬರು ಹೇಳಿದರಂತೆ. ಏನು ಮಾಡಲಿ ಎಂದು ಕೇಳಿದ್ದೀಯ.

ಮಾಡಬೇಡ ಎಂದು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ನಿನ್ನ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಷ್ಟು ಕಾಲವೂ ನಾನು ಮತ್ತೆ ಮತ್ತೆ ಓದಿದ ಕೆಲವು ಬರಹಗಳಿವೆ. ಎಲ್ಲವೂ ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ 'ದಿ ನ್ಯೂಯಾರ್ಕರ್' ಎಂಬ ಒಂದೇ ವಾರಪತ್ರಿಕೆಯಲ್ಲಿ ಬಂದವು. ನಿನ್ನ ಪ್ರಶ್ನೆಯನ್ನು ಅಲ್ಲಿನ ಬರಹಗಾರರು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಎದುರಿಸಿದ್ದಾರೆ. ಕೆಲವರು ಗೆದ್ದರು, ಕೆಲವರು ಜಾರಿದರು. ನಿರ್ಧಾರ ಮಾಡುವ ಮೊದಲು ಅವರ ವಿಚಾರ ನಿನಗೆ ತಿಳಿದಿರಲಿ.

ಮೊದಲನೆಯವರು ಪತ್ರಕರ್ತ ಜಾನ್ ಹರ್ಸಿ. 1946ರ ಆಗಸ್ಟ್ 31ರ ಸಂಚಿಕೆ. ಮುಖಪುಟದಲ್ಲಿ ಬೇಸಿಗೆಯ ಉದ್ಯಾನ, ಆಡಿ ನಲಿಯುವ ಜನ. ಪುಟ ತಿರುಗಿಸಿದರೆ ಒಳಗೆ ಹಿರೋಶಿಮಾ. ಸುಮಾರು 31,000 ಪದಗಳ ಒಂದೇ ವರದಿ. ಅದು ನಾಲ್ಕು ಕಂತುಗಳಲ್ಲಿ ಬರಬೇಕಿತ್ತು. ಇದನ್ನು ತುಂಡು ಮಾಡಬಾರದು, ಇಡೀ ಸಂಚಿಕೆಯನ್ನೇ ಇದಕ್ಕೆ ಬಿಟ್ಟುಕೊಡಬೇಕು ಎಂದು ಪತ್ರಿಕೆಯ ವ್ಯವಸ್ಥಾಪಕ ಸಂಪಾದಕ ವಿಲಿಯಂ ಶಾನ್ ಪಟ್ಟು ಹಿಡಿದರು. ಸಂಪಾದಕ ಹೆರಾಲ್ಡ್ ರಾಸ್ ಯೋಚಿಸಿ ಒಪ್ಪಿದರು. ಪತ್ರಿಕೆಯ ಪ್ರಾಣವೇ ಆಗಿದ್ದ ವ್ಯಂಗ್ಯಚಿತ್ರಗಳಿಗೂ ಆ ವಾರ ಜಾಗವಿರಲಿಲ್ಲ. ಒಂದೊಂದು ವಾಕ್ಯಕ್ಕೂ ಪ್ರಶ್ನೆ ಹಾಕಿ ಹರ್ಸಿಯವರಿಂದ ತಿದ್ದಿಸಿದವರು ಅದೇ ರಾಸ್. ನಿನ್ನ ವೃತ್ತಿಯಲ್ಲಿ ಅಂಥ ಸಂಪಾದಕರು ಸಿಕ್ಕರೆ ಅವರ ಕೈ ಬಿಡಬೇಡ.

ವರದಿಯಲ್ಲಿ ಆರು ಜನರಿದ್ದಾರೆ: ತವರದ ಕಾರ್ಖಾನೆಯ ಗುಮಾಸ್ತೆ, ದರ್ಜಿಯ ವಿಧವೆ, ಇಬ್ಬರು ವೈದ್ಯರು, ಒಬ್ಬ ಮೆಥಡಿಸ್ಟ್ ಪಾದ್ರಿ, ಜರ್ಮನಿಯಿಂದ ಬಂದಿದ್ದ ಒಬ್ಬ ಜೆಸುಯಿಟ್ ಪಾದ್ರಿ. (ಜೆಸುಯಿಟ್ ಎಂದೊಡನೆ ನಿನಗೆ ಮಂಗಳೂರಿನ ಅಲೋಶಿಯಸ್ ಕಾಲೇಜಿನ ಗುಡ್ಡ ನೆನಪಾಗಬಹುದು, ಅದೇ ಸಂಘದವರು.) ಹರ್ಸಿ ಹಿರೋಶಿಮಾದಲ್ಲಿ ಮಾತನಾಡಿಸಿದವರು ಇನ್ನೂ ಎಷ್ಟೋ ಮಂದಿ. ಅವರನ್ನೆಲ್ಲ ಕಲಸಿ 'ಹಿರೋಶಿಮಾದ ಒಬ್ಬ ನಾಗರಿಕ' ಎಂಬ ಪಾತ್ರ ಕಟ್ಟುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಎರಡು ವರ್ಷ ಮೊದಲು 'ಲೈಫ್' ಪತ್ರಿಕೆಗೆ ಬರೆದಾಗ, ಯುದ್ಧದಿಂದ ಮರಳಿದ ಹಲವು ಸೈನಿಕರ ಅನುಭವಗಳನ್ನು ಜೋ ಎಂಬ ಒಬ್ಬನಿಗೆ ತೊಡಿಸಿದ್ದವರು ಅವರೇ. ಹಿರೋಶಿಮಾಕ್ಕೆ ಅವರು ಹಾಗೆ ಮಾಡಲಿಲ್ಲ. ಆರು ಜನರನ್ನು ಆರಿಸಿಕೊಂಡರು, ಆರು ಜನರಾಗಿಯೇ ಉಳಿಸಿದರು.

ಆ ಆರು ಮಂದಿಯಲ್ಲಿ ನನ್ನ ಮನಸ್ಸಿನಲ್ಲಿ ನಿಂತವಳು ಹತ್ಸುಯೊ ನಕಮುರ. ಗಂಡ ಯುದ್ಧದಲ್ಲಿ ಸತ್ತಿದ್ದ. ಅವನ ಹೊಲಿಗೆ ಯಂತ್ರದಿಂದಲೇ ಮೂರು ಮಕ್ಕಳ ಹೊಟ್ಟೆ ಹೊರೆಯುತ್ತಿದ್ದಳು. ವಿಮಾನದಾಳಿಯ ಎಚ್ಚರಿಕೆಯಿಂದಾಗಿ ರಾತ್ರಿ ನಿದ್ದೆ ಕೆಟ್ಟ ಮಕ್ಕಳಿಗೆ ಬೆಳಿಗ್ಗೆ ಒಂದಿಷ್ಟು ಕಡಲೆಕಾಯಿ ಕೊಟ್ಟು ಮಲಗಿಸಿ, ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೆರೆಯವನು ತನ್ನ ಮನೆ ಕೆಡವುತ್ತಿದ್ದುದನ್ನು ನೋಡುತ್ತಿದ್ದಳು. ಎಂಟೂಕಾಲಕ್ಕೆ ಬಾಂಬು ಬಿತ್ತು. ಕುಸಿದ ಮನೆಯಡಿಯಿಂದ ಮೂರೂ ಮಕ್ಕಳನ್ನು ಎಳೆದು ತೆಗೆದಳು. ಇಷ್ಟು ಬೇಗ ರಾತ್ರಿ ಯಾಕಾಯಿತು ಎಂದು ಐದು ವರ್ಷದ ಕಿರಿಯವಳು ಕೇಳುತ್ತಾಳೆ. ಓಡಿಹೋಗುವ ಮೊದಲು ನಕಮುರ ಹೊಲಿಗೆ ಯಂತ್ರವನ್ನು ಎತ್ತಿಕೊಂಡು ಬಂದು ಮನೆಯೆದುರಿನ ಸಿಮೆಂಟು ತೊಟ್ಟಿಯ ನೀರಿನಲ್ಲಿ ಮುಳುಗಿಸುತ್ತಾಳೆ, ಬೆಂಕಿಯಿಂದ ಉಳಿಯಲಿ ಎಂದು. ಮುಂದೆ ಅದನ್ನು ಮೇಲೆತ್ತಿದಾಗ ತುಕ್ಕು ಹಿಡಿದಿತ್ತು.

ಇಲ್ಲೆಲ್ಲೂ ಹರ್ಸಿ 'ಅಯ್ಯೋ' ಎನ್ನುವುದಿಲ್ಲ. ಆ ಹೆಂಗಸಿನ ಕೈ ಏನು ಮಾಡಿತು ಎಂಬುದನ್ನಷ್ಟೇ ಹೇಳುತ್ತಾರೆ. ಆದರೆ ಯಂತ್ರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ನಾಲ್ವತ್ತು ವರ್ಷಗಳಾದ ಮೇಲೆ, 1985ರಲ್ಲಿ, ಹರ್ಸಿ ಅದೇ ಆರು ಜನರ ಬಾಳು ಮುಂದೆ ಏನಾಯಿತು ಎಂದು ಹುಡುಕಿಕೊಂಡು ಹೋಗಿ ಮತ್ತೆ ಅದೇ ಪತ್ರಿಕೆಗೆ ಬರೆದರು. ಇಬ್ಬರು ಆಗಲೇ ತೀರಿಕೊಂಡಿದ್ದರು. ವಿಕಿರಣದಿಂದ ಸದಾ ಸೊರಗುತ್ತಿದ್ದ ನಕಮುರ, ವೈದ್ಯರ ಹಣ ಕಟ್ಟಲು ಆ ಹೊಲಿಗೆ ಯಂತ್ರವನ್ನೇ ಮಾರಿದ್ದಳು ಎಂಬುದು ನಮಗೆ ಗೊತ್ತಾದದ್ದು ಆಗ.

ಈಗ ಯೋಚಿಸು. ಮೊದಲ ಬರಹದಲ್ಲೇ ಇಬ್ಬರು ಮೂವರು ವಿಧವೆಯರನ್ನು ಸೇರಿಸಿ ಒಬ್ಬಳನ್ನು ಮಾಡಿದ್ದರೆ 1985ರಲ್ಲಿ ಅವರು ಯಾರ ಮನೆಯ ಬಾಗಿಲು ತಟ್ಟಬೇಕಿತ್ತು? ಕಟ್ಟಿದ ಪಾತ್ರಕ್ಕೆ ವಿಳಾಸವಿಲ್ಲ, ವಯಸ್ಸಾಗುವುದಿಲ್ಲ. 'ನೀವು ಬರೆದದ್ದು ಹಾಗಲ್ಲ' ಎಂದು ಅವಳು ನಮ್ಮನ್ನು ತಿದ್ದಲಾರಳು. ಹತ್ತು ವರ್ಷ ಬಿಟ್ಟು ನೀನು ನಿನ್ನ ಕರಡಿನಲ್ಲಿರುವ ಕಾಪುವಿನ ಆ ಬೀಡಿ ಕಟ್ಟುವ ಅಜ್ಜಿಯ ಮನೆಗೆ ಹೋಗಬಹುದು. ಒಟ್ಟುಗೂಡಿಸಿದ ಹೆಂಗಸಿನ ಮನೆಗೆ ಹೋಗಲು ದಾರಿಯೇ ಇಲ್ಲ.

ಇದೇ ಪತ್ರಿಕೆಯಲ್ಲಿ 1948ರ ಜೂನ್ 26ರಂದು ಶರ್ಲಿ ಜಾಕ್ಸನ್ ಅವರ 'ದಿ ಲಾಟರಿ' ಎಂಬ ಸಣ್ಣಕಥೆ ಬಂತು. ನೀನು ಪದವಿಯಲ್ಲಿದ್ದಾಗ ಓದಿದ್ದೀಯ, ರಾತ್ರಿ ನಿದ್ದೆ ಬರಲಿಲ್ಲ ಎಂದಿದ್ದೆ. ಜೂನ್ 27ರ ಬೆಳಿಗ್ಗೆ, ಬಿಸಿಲು, ಅರಳಿದ ಹೂವು, ಸುಮಾರು ಮುನ್ನೂರು ಜನರ ಹಳ್ಳಿ. ಟ್ರಾಕ್ಟರು, ತೆರಿಗೆ, ಮಳೆ ಎಂದು ಗಂಡಸರ ಹರಟೆ. ಕಲ್ಲು ಆಯ್ದು ಜೇಬಿಗೆ ತುಂಬುವ ಹುಡುಗರು. ಕೊನೆಯಲ್ಲಿ ಚೀಟಿ ಬಂದ ಹೆಂಗಸಿನ ಮೇಲೆ ಊರವರೆಲ್ಲ ಸೇರಿ ಕಲ್ಲು ಬೀಸುತ್ತಾರೆ. ಇಡೀ ಕಥೆ ಜಿಲ್ಲಾ ಪುಟದ ಸುದ್ದಿಯ ಧ್ವನಿಯಲ್ಲಿದೆ. ಆ ಬೇಸಿಗೆಯಲ್ಲಿ ಜಾಕ್ಸನ್ ಅವರಿಗೆ ಮುನ್ನೂರಕ್ಕೂ ಹೆಚ್ಚು ಪತ್ರಗಳು ಬಂದವು. ಅದರಲ್ಲಿ ಒಳ್ಳೆಯ ಮಾತಿದ್ದದ್ದು ಹದಿಮೂರರಲ್ಲಿ, ಅದೂ ಹೆಚ್ಚಾಗಿ ಸ್ನೇಹಿತರದ್ದು. ಅವರ ತಾಯಿಗೂ ಕಥೆ ಹಿಡಿಸಲಿಲ್ಲ. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ನಾವು ಹೋಗಿ ನೋಡಬಹುದೇ ಎಂದು ಕೇಳಿದವರೂ ಇದ್ದರು. ನನಗೆ ಕಥೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಆ ಪತ್ರಗಳು.

ಓದುಗರು ಹಾಗೆ ನಂಬಲು ಇನ್ನೊಂದು ಕಾರಣವಿತ್ತು. ಆಗ ಆ ಪತ್ರಿಕೆ ಇದು ಕಥೆ, ಇದು ವರದಿ ಎಂದು ಪುಟದ ಮೇಲೆ ಗುರುತು ಹಾಕುತ್ತಿರಲಿಲ್ಲ. ಹರ್ಸಿಯವರ ವರದಿ ಕಾದಂಬರಿಯಿಂದ ಕಲಿತಿತ್ತು, ಜಾಕ್ಸನ್ ಅವರ ಕಥೆ ವರದಿಯಿಂದ ಕಲಿತಿತ್ತು. ಕಸುಬು ಎರಡೂ ಕಡೆಯಿಂದ ಬರಲಿ, ಅದರಲ್ಲಿ ತಪ್ಪಿಲ್ಲ. ನಮ್ಮ ಮಂಗಳೂರಿನಲ್ಲೂ ಅವೆರಡು ಒಂದೇ ಹಿತ್ತಿಲಲ್ಲಿ ಬೆಳೆದವು: 1843ರಲ್ಲಿ 'ಮಂಗಳೂರ ಸಮಾಚಾರ'ದಿಂದ ಕನ್ನಡ ಪತ್ರಿಕೆ ಶುರುವಾಯಿತು, 1900ರ ಹೊತ್ತಿಗೆ 'ಸುವಾಸಿನಿ'ಯಲ್ಲಿ ಪಂಜೆ ಮಂಗೇಶರಾಯರ ಕಥೆಗಳು ಬಂದವು. ಆದರೆ ಕಥೆಗಾರ್ತಿಗೆ ಒಂದು ಹಳ್ಳಿಯನ್ನೇ ಹುಟ್ಟಿಸುವ ಹಕ್ಕಿದೆ. ನಿನಗೆ ಒಂದು ಬೀಡಿಯನ್ನೂ ಹುಟ್ಟಿಸುವ ಹಕ್ಕಿಲ್ಲ.

ಜಾರಿದವರ ವಿಚಾರಕ್ಕೆ ಬರುತ್ತೇನೆ. ಜೋಸೆಫ್ ಮಿಚೆಲ್ ಅವರನ್ನು ನಾನು ತುಂಬ ಪ್ರೀತಿಯಿಂದ ಓದುತ್ತೇನೆ. ನ್ಯೂಯಾರ್ಕಿನ ಮೀನು ಮಾರುಕಟ್ಟೆಯ ಬಗ್ಗೆ ಅವರು ಬರೆದದ್ದನ್ನು ಓದಿದರೆ ಮಲ್ಪೆಯ ಬಂದರು ಮೂಗಿಗೆ ಬಡಿಯುತ್ತದೆ. 1944ರಲ್ಲಿ ಅವರು ಫ್ಲಡ್ ಎಂಬ ಮುದುಕನ ಬಗ್ಗೆ ಬರೆಯತೊಡಗಿದರು. ಮೀನು ತಿಂದೇ ನೂರಾ ಹದಿನೈದು ವರ್ಷ ಬದುಕುತ್ತೇನೆ ಎನ್ನುವ ಮುದುಕ. ಓದಿದವರು ಅಂಥವನೊಬ್ಬ ಇದ್ದಾನೆ ಎಂದೇ ನಂಬಿದರು. 1948ರಲ್ಲಿ ಪುಸ್ತಕವಾಗಿ ಬಂದಾಗ ಮುನ್ನುಡಿಯಲ್ಲಿ ಅವರೇ ಹೇಳಿದರು, ಫ್ಲಡ್ ಒಬ್ಬ ಮನುಷ್ಯನಲ್ಲ, ಮಾರುಕಟ್ಟೆಯ ಹಲವು ಮುದುಕರನ್ನು ಸೇರಿಸಿ ಮಾಡಿದವನು ಎಂದು. ನಿಮ್ಮ ಹಿರಿಯರು ಹೇಳುತ್ತಿರುವುದು ಇದನ್ನೇ. ಬರಹದ ಸೊಗಸಿನಲ್ಲಿ ಮಿಚೆಲ್ ಅವರಿಗೆ ಸಮನಾದವರು ಕಡಿಮೆ. ಹಾಗಿದ್ದೂ ಫ್ಲಡ್ ಮಾತನಾಡುವಾಗಲೆಲ್ಲ ಇದು ಯಾರ ಮಾತು ಎಂಬ ಅನುಮಾನ ನನ್ನನ್ನು ಬಿಡುವುದಿಲ್ಲ. ನಾಲ್ಕು ವರ್ಷ ತಡವಾಗಿ ಹೇಳಿದ ನಿಜ ಆ ಅನುಮಾನವನ್ನು ಅಳಿಸಲಾರದು.

ಟ್ರೂಮನ್ ಕಪೋಟಿ ಅವರದ್ದು ಇನ್ನೂ ದೊಡ್ಡ ಜಾರು. ಕಾನ್ಸಾಸಿನ ರೈತ ಕುಟುಂಬವೊಂದರ ನಾಲ್ವರ ಕೊಲೆಯ ಬಗ್ಗೆ 1965ರಲ್ಲಿ ನಾಲ್ಕು ಕಂತುಗಳಲ್ಲಿ ಬರೆದು, ಪ್ರತಿಯೊಂದು ಮಾತೂ ನಿಜ ಎಂದು ಸಾರಿದರು. ಕೊನೆಯ ದೃಶ್ಯದಲ್ಲಿ ತನಿಖಾಧಿಕಾರಿ ಸ್ಮಶಾನದಲ್ಲಿ ಸತ್ತ ಹುಡುಗಿಯ ಗೆಳತಿಯನ್ನು ಭೇಟಿಯಾಗುತ್ತಾನೆ. ಆ ಭೇಟಿ ನಡೆದೇ ಇರಲಿಲ್ಲ. ಮುಕ್ತಾಯ ಸುಂದರವಾಗಿರಲಿ ಎಂದು ಕಟ್ಟಿದ್ದು. ಅದು ಸುಂದರವಾಗಿಯೇ ಇದೆ, ಆದ್ದರಿಂದಲೇ ನನಗೆ ಸಿಟ್ಟು.

ಇನ್ನು ರೇಚಲ್ ಕಾರ್ಸನ್. 1962ರ ಜೂನ್ 16ರಿಂದ ಮೂರು ಕಂತುಗಳಲ್ಲಿ ಅವರ 'ಸೈಲೆಂಟ್ ಸ್ಪ್ರಿಂಗ್' ಬಂತು, ಡಿಡಿಟಿಯಂಥ ಕೀಟನಾಶಕಗಳ ಬಗ್ಗೆ. ಶುರುವಿನಲ್ಲಿ ಅವರು ಹಕ್ಕಿಗಳ ದನಿಯಡಗಿದ ಒಂದು ಊರನ್ನು ಚಿತ್ರಿಸುತ್ತಾರೆ. ಚಿತ್ರಿಸಿದ ಬೆನ್ನಿಗೇ, ಇಂಥ ಊರು ನಿಜವಾಗಿ ಇಲ್ಲ, ಆದರೆ ಇಲ್ಲಿ ಹೇಳಿದ ಒಂದೊಂದು ಅನಾಹುತವೂ ಎಲ್ಲೋ ಒಂದು ಕಡೆ ನಡೆದಿದೆ ಎಂದು ತಾವೇ ಬಿಚ್ಚಿ ಹೇಳುತ್ತಾರೆ. ಅವರೂ ಸೇರಿಸಿದರು, ಆದರೆ ಓದುಗನ ಕಣ್ಣೆದುರೇ ಸೇರಿಸಿದರು. ಅಷ್ಟಾದರೂ ಕಂಪನಿಗಳ ಪರ ಮಾತನಾಡಿದವರು ಆ ಆರಂಭದ ಭಾಗವನ್ನೇ ಹಿಡಿದು ಅವರನ್ನು ಕಾಡಿದರು. ನಮ್ಮ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ದೇಶ ಗಮನಿಸುವ ಮೊದಲೇ ಪತ್ರಕರ್ತ ಶ್ರೀಪಡ್ರೆಯವರು ಬರೆಯತೊಡಗಿದ್ದರು. ಅದು ಅವರದ್ದೇ ಊರು. ಪಡ್ರೆ ಎಂಬ ಊರು ನಕ್ಷೆಯಲ್ಲಿದೆ, ಯಾರು ಬೇಕಾದರೂ ಹೋಗಿ ನೋಡಬಹುದು. ವಿಷದ ವಿಚಾರ ಬರೆಯುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ನಿನ್ನ ಕರಡಿಗೆ ಬರುತ್ತೇನೆ. ಕಾಪುವಿನ ಅಜ್ಜಿ ಬೀಡಿ ತನ್ನ ಬೆನ್ನನ್ನೇ ತಿಂದಿತು, ಮೊಮ್ಮಕ್ಕಳು ಇದನ್ನು ಮುಟ್ಟಬಾರದು ಎನ್ನುತ್ತಾರೆ. ಪಡುಬಿದ್ರಿಯವರು ಮಗಳ ನರ್ಸಿಂಗ್ ಓದಿನ ಫೀಸು ಬೀಡಿಯಿಂದಲೇ ಕಟ್ಟಿದೆ, ಗಂಡನ ಮುಂದೆ ಕೈಚಾಚಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಬಂಟ್ವಾಳದವರಿಗೆ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಬೀಡಿ ತಿರಸ್ಕರಿಸಿದ್ದರ ಸಿಟ್ಟೊಂದೇ ಇದೆ. ಈ ಮೂವರು ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ನಿನ್ನ ಬರಹದ ಬೆಲೆ ಇರುವುದೇ ಅಲ್ಲಿ. ಮೂವರನ್ನು ಒಂದು ಮಾಡಿದರೆ ಆ ಜಗಳ ಒಂದು ಹೆಂಗಸಿನ ನಿಟ್ಟುಸಿರಾಗಿಬಿಡುತ್ತದೆ, ಓದಿದವರು ಪಾಪ ಎಂದು ಪುಟ ಮಗುಚುತ್ತಾರೆ. ತಡ್ಪೆಯ (ಮೊರದ) ಅಂಚಿಗೆ ಬಟ್ಟೆ ಸುತ್ತಿಕೊಂಡು, ಎಲೆ ಕತ್ತರಿಸುವಾಗ ಟಿವಿಯತ್ತ ಒಮ್ಮೆಯೂ ನೋಡದೆ ಅದರ ಧಾರಾವಾಹಿಯನ್ನು ಕಿವಿಯಲ್ಲೇ ಕೇಳುವ ಪಡುಬಿದ್ರಿಯವರ ಆ ಸಾಲನ್ನು ಯಾರು ಹೇಳಿದರೂ ತೆಗೆಯಬೇಡ. ಅದು ಅವರದ್ದು, ಇನ್ನೊಬ್ಬರಿಗೆ ಕೊಡುವಂಥದ್ದಲ್ಲ.

ಹೆಸರು ಬದಲಾಯಿಸುವುದು ಬೇರೆ ಮಾತು. ಅವರಿಗೆ ತೊಂದರೆಯಾಗುವಂತಿದ್ದರೆ ಅವರನ್ನೇ ಕೇಳಿ ಬದಲಾಯಿಸು, ಬದಲಾಯಿಸಿದ್ದೇನೆ ಎಂದು ಮೊದಲ ಪುಟದಲ್ಲೇ ಬರೆ. ಜಾಗ ಸಾಲದು ಎಂದರೆ ಬಂಟ್ವಾಳದವರ ಭಾಗವನ್ನು ಚಿಕ್ಕದು ಮಾಡು. ಹಿರಿಯರ ಹತ್ತಿರ ಜಗಳಕ್ಕೆ ನಿಲ್ಲಬೇಡ. ಅವರು ಕೆಟ್ಟದ್ದನ್ನು ಬಯಸಿ ಹೇಳಿದವರಲ್ಲ. ಮೂವರನ್ನೂ ಬೇರೆ ಬೇರೆಯಾಗಿಟ್ಟು ಚೆನ್ನಾಗಿ ಬರೆದು ಅವರ ಮೇಜಿನ ಮೇಲಿಡು, ಓದಿದ ಮೇಲೆ ಅವರೇ ಹೇಳಲಿ. ಒಂದಾಗಿಸಲೇಬೇಕು ಎಂದು ಕುಳಿತರೆ, ಕಾರ್ಸನ್ ಮಾಡಿದಂತೆ ಅದನ್ನು ಓದುಗರಿಗೆ ಅದೇ ಪುಟದಲ್ಲಿ ಹೇಳಲು ಅನುಮತಿ ಕೇಳು. ಅದಕ್ಕೂ ಇಲ್ಲ ಎಂದರೆ ನನ್ನ ಹೆಸರು ಹಾಕಬೇಡಿ ಎನ್ನು. ಅಪ್ಪನೂ ಇದೇ ಮಾತು ಹೇಳಿದರು.

ಕರಡಿನಲ್ಲಿ ಒಂದು ವಿಷಯ ಕಾಣಲಿಲ್ಲ. ಬ್ರಾಂಚಿನಲ್ಲಿ ತಿರಸ್ಕರಿಸಿದ ಬೀಡಿಗೆ ಹೋದ ಎಲೆ, ಹೊಗೆಸೊಪ್ಪಿನ ಲೆಕ್ಕ ಯಾರ ತಲೆಗೆ ಬೀಳುತ್ತದೆ? ತಿರಸ್ಕರಿಸಿದ್ದನ್ನು ಅವರ ಎದುರೇ ಮುರಿಯುತ್ತಾರೋ, ಇಟ್ಟುಕೊಳ್ಳುತ್ತಾರೋ? ಮೂವರನ್ನೂ ಬೇರೆ ಬೇರೆಯಾಗಿ ಕೇಳು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಡ. ಚೌತಿಗೆ ಬರುವಾಗ ರಜೆ ಒಂದು ದಿನ ಹೆಚ್ಚು ಹಾಕಿಕೊಂಡು ಬಾ, ಕಾಪುವಿಗೆ ನಾನೂ ಬರುತ್ತೇನೆ.

ಇಂತಿ,
ನಿನ್ನ ಅಮ್ಮ