ಮಳೆ ರಜೆಯಲ್ಲಿ ಸ್ವರಾಭ್ಯಾಸ: ಸೀನಿಯರ್ ಸಂಗೀತ ಪರೀಕ್ಷೆಯ ಮಕ್ಕಳ ಪೋಷಕರಿಗೆ

ಮಾನ್ಯ ಪೋಷಕರೆ,

ಮಳೆ ರಜೆ ಯಾವ ಬೆಳಿಗ್ಗೆ ಘೋಷಣೆಯಾಗುತ್ತದೋ ಹೇಳಲಾಗದ ದಿನಗಳಿವು. ಸೀನಿಯರ್ ಮತ್ತು ಅದರ ಮೇಲಿನ ಕರ್ನಾಟಕ ಸಂಗೀತ ಪರೀಕ್ಷೆಗೆ ಕೂರುವ ಮಕ್ಕಳ ಅಭ್ಯಾಸ ಈಗ ಹೆಚ್ಚಾಗಿ ಮನೆಯಲ್ಲೇ ಸಾಗಬೇಕು. ನಿಮಗೆ ಸಂಗೀತ ಬಾರದಿದ್ದರೂ ಚಿಂತೆಯಿಲ್ಲ, ಮಗುವಿನ ಕೈ ಗಮನಿಸಿ.

ಮೂರು ಕಾಲದಲ್ಲೂ, ಅಂದರೆ ಹಾಡುವ ಮೂರು ವೇಗದಲ್ಲೂ, ತಾಳದ ಕೈ ಒಂದೇ ವೇಗದಲ್ಲಿರಬೇಕು. ಒಂದನೇ ಕಾಲದಲ್ಲಿ ಅಕ್ಷರಕ್ಕೆ (ತಾಳದ ಒಂದು ಎಣಿಕೆಗೆ) ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮಕ್ಕಳು ಒಂದನೇ ಕಾಲವನ್ನು ಹುರುಪಿನಿಂದ ಎತ್ತಿಕೊಂಡು, ಮೂರನೆಯದರಲ್ಲಿ ನಾಲಿಗೆ ತೊಡರಿದಾಗ ಕೈಯನ್ನೇ ನಿಧಾನಿಸುತ್ತಾರೆ. ಹಾಗಾಗಿ ವೇಗವನ್ನು ಮೂರನೇ ಕಾಲದಿಂದಲೇ ಗೊತ್ತುಮಾಡಿ. ಟಿಕ್ ಟಿಕ್ ಎಂದು ಲಯ ತೋರಿಸುವ ಮೆಟ್ರೋನೋಮ್ ಆ್ಯಪ್‌ನಲ್ಲಿ ನಿಮಿಷಕ್ಕೆ 60 ಇಟ್ಟು ಹಾಡಿಸಿ. ತೊಡರಿದರೆ 50ಕ್ಕೆ ಇಳಿಸಿ. ಸತತ ಮೂರು ಸಲ ತಪ್ಪಿಲ್ಲದೆ ಬಂದ ಮೇಲಷ್ಟೇ 2 ಏರಿಸಿ.

ಹೆಚ್ಚು ಎಡವುವುದು ಧ್ರುವ ತಾಳದ ಅಲಂಕಾರದಲ್ಲಿ (ಸ್ವರಾಭ್ಯಾಸದ ಪಾಠ). 'ಸರಿಗಮ ಗರಿ ಸರಿಗರಿ ಸರಿಗಮ' ಎಂಬ ಸಾಲಿಗೆ 14 ಸ್ವರ, ಆವರ್ತಕ್ಕೂ (ತಾಳದ ಒಂದು ಸುತ್ತಿಗೂ) 14 ಅಕ್ಷರ. ಒಂದನೇ ಕಾಲದಲ್ಲಿ ಪ್ರತಿ ಸಾಲೂ ಪೆಟ್ಟಿನ ಮೇಲೇ ಶುರುವಾಗುತ್ತದೆ. ಎರಡನೇ ಕಾಲದಲ್ಲಿ ಸಾಲು 7 ಅಕ್ಷರಕ್ಕೇ ಮುಗಿಯುವುದರಿಂದ, ಮುಂದಿನ ಸಾಲು ಎರಡನೇ ಲಘುವಿನ (ಒಂದು ಪೆಟ್ಟು ಹಾಕಿ ಕಿರುಬೆರಳಿನಿಂದ ಬೆರಳೆಣಿಸುವ ಭಾಗದ) ಕಿರುಬೆರಳಿಗೆ ಬೀಳುತ್ತದೆ. ಪೆಟ್ಟಿಗೆ ಒಗ್ಗಿದ ಕೈ ಅಲ್ಲಿ ಇಲ್ಲದ ಪೆಟ್ಟೊಂದನ್ನು ಸೇರಿಸುತ್ತದೆ, ತಾಳ ತಪ್ಪುತ್ತದೆ. ಏರುವ ಐದು ಸಾಲು ಮುಗಿದು ಅವರೋಹಣ (ಇಳಿಯುವ ಸಾಲು) ಆರಂಭವಾಗುವುದೂ ಅದೇ ಕಿರುಬೆರಳಿನ ಮೇಲೆ. ಹಾಡದೆ, ಸ್ವರಗಳನ್ನು ಬರೀ ಬಾಯಲ್ಲಿ ಹೇಳುತ್ತಾ ಈ ಜಾಗವನ್ನು ಮಾತ್ರ ಹತ್ತು ಸಲ ಮಾಡಿಸಿ.

ರಾಗ ಬದಲಿಸುವಾಗ ಕ್ರಮವಿರಲಿ. ಮಾಯಾಮಾಳವಗೌಳದಲ್ಲಿ ರಿ, ಧ ಎರಡನ್ನೇ ಚತುಃಶ್ರುತಿಗೆ (ಅವುಗಳ ಮೇಲಿನ ಸ್ಥಾನಕ್ಕೆ) ಏರಿಸಿದರೆ ಶಂಕರಾಭರಣ. ಅದರಲ್ಲಿ ಮಧ್ಯಮವನ್ನು (ಮ) ಪ್ರತಿಮಧ್ಯಮ, ಅಂದರೆ ಮೇಲಿನ ಮ, ಮಾಡಿದರೆ ಕಲ್ಯಾಣಿ. ಬದಲಾದ ಸ್ವರದ ಮೇಲೆ ನಿಂತು ಶ್ರುತಿಗೆ (ಹಿಂದೆ ಮೊಳಗುವ ಆಧಾರ ನಾದಕ್ಕೆ) ಸೇರಿಸಿಕೊಂಡು ಮುಂದೆ ಹೋಗಲಿ. ತೋಡಿಯನ್ನು ಮಾತ್ರ ಸದ್ಯ ಒಂದನೇ ಕಾಲ ದಾಟಿಸಬೇಡಿ: ವೇಗದಲ್ಲಿ ಗಾಂಧಾರದ (ಗ) ಗಮಕ, ಅಂದರೆ ಸ್ವರದ ಓಲಾಟ, ಅಳಿಸಿಹೋಗಿ ಬೋಳು ಸ್ವರ ಉಳಿದರೆ ಅದು ತೋಡಿ ಅನ್ನಿಸುವುದಿಲ್ಲ.

ತಗಡು, ಶೀಟಿನ ಮಾಡಿನ ಮನೆಯವರಿಗೆ ಒಂದು ಮಾತು. ಜಡಿಮಳೆಯ ಸದ್ದನ್ನು ಮೀರಿಸಲು ಮಕ್ಕಳು ಕಿರುಚುತ್ತಾರೆ. ಗಂಟಲು ಕೆಡುತ್ತದೆ, ಶ್ರುತಿಯೂ ಏರುತ್ತದೆ. ಮಳೆ ಜೋರಿದ್ದಾಗ ತಾಳ ಹಾಕಿ ಸ್ವರ ಹೇಳುವುದಷ್ಟೇ ಇರಲಿ, ಹೊಳವಾದಾಗ ಹಾಡಲಿ. ಕರೆಂಟ್ ಹೋಗುವ ಮೊದಲೇ ಶ್ರುತಿ ಆ್ಯಪ್ ಇರುವ ಮೊಬೈಲ್ ಚಾರ್ಜ್ ಮಾಡಿಡಿ. ದಿನಕ್ಕೆ 20 ನಿಮಿಷದಂತೆ ಎರಡು ಸಲ ಸಾಕು. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರಿಸಿದರೆ ಗಂಟಲು ದಣಿಯುವುದೇ ಹೆಚ್ಚು.

ಪಿಟೀಲಿನ ಮಕ್ಕಳು ನುಡಿಸಿದ ಮೇಲೆ ಕಮಾನಿನ ಕೂದಲನ್ನು ಸಡಿಲಿಸಲಿ. ತೇವಕ್ಕೆ ಉಬ್ಬಿ, ತಂತಿ ಬಿಗಿಯುವ ಬಿರಡೆ ಗಟ್ಟಿಯಾದರೆ ಬಲವಂತವಾಗಿ ತಿರುಗಿಸದೆ ಶಾಲೆಗೆ ತನ್ನಿ.

ಅಂದಂದಿನ ಮೆಟ್ರೋನೋಮ್ ಸಂಖ್ಯೆ, ರಾಗ, ತೊಡರಿದ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಶಾಲೆ ತೆರೆದ ದಿನ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಮಡಿಕೇರಿ